ಹಳೆಯ ಬಡಾವಣೆಗಳ ಮತ

ನಮ್ಮ ಭಾಷೆಯಲ್ಲಿ ‘ಮತ’ ಎಂಬ ಪುಟ್ಟ ಮಾತು ಮೂರು ಹೊರೆಗಳನ್ನು ಹೊತ್ತುಕೊಂಡಿದೆ. ಮನುಷ್ಯನ ಅಭಿಪ್ರಾಯ ಮತ. ಅವನು ಹುಟ್ಟಿನಿಂದ ಪಡೆದ ಧರ್ಮಸಂಪ್ರದಾಯ ಮತ. ಚುನಾವಣೆಯ ದಿನ ಅವನು ಹಾಕಿ ಬರುವ ಓಟು ಕೂಡ ಮತ. ಮೊದಲನೆಯದು ಯೋಚಿಸಿ ಕಟ್ಟಿಕೊಳ್ಳುವಂಥದು. ಆದ್ದರಿಂದ ಯೋಚಿಸಿ ಬದಲಾಯಿಸಬಹುದಾದದ್ದು. ಎರಡನೆಯದು ಬಹುಮಟ್ಟಿಗೆ ಹಿರಿಯರಿಂದ ಬಂದದ್ದು. ಅದನ್ನು ಬದಲಾಯಿಸುವವರು ವಿರಳ. ಮೂರನೆಯದನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು? ಸಂವಿಧಾನವನ್ನು ರಚಿಸಿದವರು ಅದಕ್ಕೆ ಮೊದಲನೆಯದರ ಪಕ್ಕದಲ್ಲಿ ಎಲೆ ಹಾಕಿದರು. ನಮ್ಮ ರೂಢಿ ಅದನ್ನು ಮೆಲ್ಲಮೆಲ್ಲನೆ ಎರಡನೆಯದರ ಪಕ್ಕಕ್ಕೆ ಸರಿಸುತ್ತಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ರಾಜಕೀಯ ಚರಿತ್ರೆಯಲ್ಲಿ ಈ ಸರಿದಾಟವನ್ನು ಕಣ್ಣಾರೆ ಕಾಣಬಹುದು. ಈ ಸೀಮೆಯಲ್ಲಿಯೇ ಪಾಠ ಹೇಳಿಕೊಂಡು ಬಾಳಿದ ನಾನು ಅದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಯಾವ ಪಕ್ಷದ ಪರವಾಗಿಯೂ ಅಲ್ಲ, ವಿರುದ್ಧವಾಗಿಯೂ ಅಲ್ಲ. ಓಟು ಎಂಬ ವಸ್ತುವಿನ ಪರವಾಗಿ.

ಈ ಮೂರು ಬಡಾವಣೆಗಳೂ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಮಕ್ಕಳು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಅಟ್ಟಿದಾಗ ಇಲ್ಲಿಯ ನೇರ ಬೀದಿಗಳೂ ಅಗಲವಾದ ನಿವೇಶನಗಳೂ ಆಶ್ರಯವಾದವು. ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು, ವೈದ್ಯರು, ವರ್ತಕರು ಬಂದು ನೆಲೆಸಿದರು. ಅವರ ಹಿಂದೆಯೇ ವಿದ್ಯೆಯ ಸಂಸ್ಥೆಗಳು ಬಂದವು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯನ್ನು ತನ್ನ ಮನೆಯಾಗಿ ಮಾಡಿಕೊಂಡಿತು. 1917ರಲ್ಲಿ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ತೆರೆಯಿತು. 1945ರಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಪ್ರಜೆಗಳಿಗೆ ರಾಜ್ಯವ್ಯವಹಾರದ ತಿಳಿವಳಿಕೆ ಬರಬೇಕೆಂಬುದೇ ಅದರ ಉದ್ದೇಶ. ನ್ಯಾಷನಲ್ ಕಾಲೇಜಿನ ಮೈದಾನದಲ್ಲಿ ಭಾಷಣ ಮಾಡದ ದೊಡ್ಡ ರಾಜಕಾರಣಿ ಅಪರೂಪ. ಹೀಗೆ ರಾಜಕೀಯದ ಮಾತು ಇಲ್ಲಿ ಕಾಫಿಯಷ್ಟೇ ಸಾಮಾನ್ಯವಾಗಿ ಹರಿಯಿತು. ‘ನಮ್ಮ ಕಡೆಯವರು ವಿಚಾರಮಾಡಿ ಓಟು ಹಾಕುವವರು’ ಎಂಬ ಒಂದು ಹೆಮ್ಮೆ ಇಲ್ಲಿ ಬೆಳೆದು ಬಂದುದಕ್ಕೆ ಇಷ್ಟು ಹಿನ್ನೆಲೆಯಿದೆ.

ಆ ಹೆಮ್ಮೆಗೆ ಇನ್ನೊಂದು ಬೇರೂ ಉಂಟು. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಿಂದೆಯೇ ಸೇರಿತು. ನ್ಯಾಯವಿಧಾಯಕ ಸಭೆ 1907ರಲ್ಲಿ ಬಂತು. ಆದರೆ ಆ ಕಾಲದ ಓಟು ಎಲ್ಲರದಲ್ಲ. ಆಸ್ತಿ, ಕಂದಾಯ, ವಿದ್ಯೆ ಇವುಗಳ ಅರ್ಹತೆ ಇದ್ದವರಿಗೆ ಮಾತ್ರ ಅದು ದೊರೆಯುತ್ತಿತ್ತು. ಇಂಥ ಅರ್ಹತೆಯುಳ್ಳವರು ಪಟ್ಟಣದ ಈ ಬಡಾವಣೆಗಳಲ್ಲಿ ಹೆಚ್ಚಾಗಿದ್ದರು. ಓಟೆಂದರೆ ಯೋಗ್ಯತೆಗೆ ಸಂದ ಗೌರವ ಎಂಬ ಭಾವನೆ ಅವರಲ್ಲಿ ಬಂದುದು ಸಹಜ. 1951–52ರ ಮೊದಲ ಮಹಾಚುನಾವಣೆಯಲ್ಲಿ ಆ ಬೇಲಿ ಬಿತ್ತು. ಪದವೀಧರ ಯಜಮಾನನಿಗೂ ಅವನ ಮನೆಯ ಪಾತ್ರೆ ಬೆಳಗುವ ಹೆಂಗಸಿಗೂ ಸಮಾನವಾಗಿ ಒಂದೊಂದು ಓಟು ಬಂತು. ಈ ಸಮಾನತೆಯನ್ನು ಬಡಾವಣೆಯ ಬುದ್ಧಿ ಒಪ್ಪಿತು. ಮನಸ್ಸು ಅಷ್ಟೇ ಸಲೀಸಾಗಿ ಒಪ್ಪಿತೆ ಎಂಬುದು ಬೇರೆ ಮಾತು. ‘ನಮ್ಮ ಒಂದು ಓಟಿನಿಂದ ಏನಾದೀತು?’ ಎಂದು ಇಂದಿಗೂ ಕೇಳಿಬರುವ ನಿಟ್ಟುಸಿರಿನಲ್ಲಿ, ನಮ್ಮ ಓಟು ಇತರರ ಓಟಿಗಿಂತ ಹೆಚ್ಚು ತೂಗಬೇಕಾಗಿತ್ತು ಎಂಬ ಹಳೆಯ ಕೊರಗು ಸ್ವಲ್ಪ ಸೇರಿದೆಯೆಂದು ನನ್ನ ಅನುಮಾನ.

ಇಷ್ಟಾದರೂ, ವಿಚಾರವಂತ ಓಟಿನ ಹೆಮ್ಮೆ ಬರಿಯ ಪೊಳ್ಳಲ್ಲ. ಅದಕ್ಕೆ ಸಾಕ್ಷ್ಯವಿದೆ. 1967ರಲ್ಲಿಯೂ 1971ರಲ್ಲಿಯೂ ಬೆಂಗಳೂರು ನಗರ ಕ್ಷೇತ್ರ ಕಾಂಗ್ರೆಸ್ಸಿನ ಕೆಂಗಲ್ ಹನುಮಂತಯ್ಯನವರನ್ನು ಲೋಕಸಭೆಗೆ ಕಳುಹಿಸಿತು. 1977ರ ವೇಳೆಗೆ ಕ್ಷೇತ್ರದ ಹೆಸರು ಬೆಂಗಳೂರು ದಕ್ಷಿಣ ಎಂದಾಗಿತ್ತು. ನಡುವೆ ತುರ್ತುಪರಿಸ್ಥಿತಿ ಬಂದುಹೋಗಿತ್ತು. 1975ರ ಜೂನಿನಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಹಿಡಿದಿಟ್ಟದ್ದು ಬೆಂಗಳೂರಿನ ಸೆರೆಮನೆಯಲ್ಲಿಯೇ. ಆದರೂ 1977ರಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಕಿತ್ತೊಗೆದಾಗ ಕರ್ನಾಟಕ ಹಾಗೆ ಮಾಡಲಿಲ್ಲ. ಇಲ್ಲಿಯ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದುವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಗೆದ್ದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. 1973ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರನ್ನೂ ಇನ್ನಿಬ್ಬರು ಹಿರಿಯ ನ್ಯಾಯಮೂರ್ತಿಗಳನ್ನೂ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ರಾಜೀನಾಮೆ ಕೊಟ್ಟು ಹೊರಬಂದವರು ಅವರು. ಗೆದ್ದ ಮೇಲೆ ಲೋಕಸಭೆಯ ಅಧ್ಯಕ್ಷರಾದರು.

1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದಾಗ ಕರ್ನಾಟಕದ 28ರಲ್ಲಿ 27 ಸ್ಥಾನಗಳು ಅವರ ಪಕ್ಷಕ್ಕೆ. ಉಳಿದ ಒಂದೇ ಒಂದು, ಬೆಂಗಳೂರು ದಕ್ಷಿಣ, ಜನತಾ ಪಕ್ಷದ ಟಿ.ಆರ್. ಶಾಮಣ್ಣನವರಿಗೆ. ಸರಳವಾದ ಬದುಕೇ ಅವರ ಬಂಡವಾಳ. 1984ರಲ್ಲಿ ಇಂದಿರಾ ಹತ್ಯೆಯ ಅನುಕಂಪದ ಪ್ರವಾಹದಲ್ಲಿ ಕಾಂಗ್ರೆಸ್ಸು ಇಲ್ಲಿ 24 ಸ್ಥಾನ ಗೆದ್ದಿತು; ಬೆಂಗಳೂರು ದಕ್ಷಿಣ ಮಾತ್ರ ಜನತಾ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್ ಅವರನ್ನು ಆರಿಸಿತು. ಮರುವರ್ಷ, 1985ರ ಮಾರ್ಚಿನಲ್ಲಿ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ವಿಧಾನಸಭೆಗೆ ಆಯ್ಕೆಯಾದದ್ದು ಬಸವನಗುಡಿಯಿಂದ. ಮೂರು ಸಲ ರಾಜ್ಯದ ಗಾಳಿ ಒಂದು ಕಡೆ ಬೀಸಿದಾಗ ಈ ಕ್ಷೇತ್ರ ಇನ್ನೊಂದು ಕಡೆ ನಿಂತಿತು. ಗಾಳಿಗೆ ಎದುರು ನಿಲ್ಲುವವನು ಯೋಚಿಸಿಯೇ ನಿಂತಿರಬೇಕೆಂದು ಹೇಳಲಾಗದು, ಹಟದಿಂದಲೂ ನಿಲ್ಲಬಹುದು. ಆದರೂ ಆ ಕಾಲದ ಉಮೇದುವಾರರ ಹೆಸರುಗಳನ್ನು ನೋಡಿದರೆ, ವ್ಯಕ್ತಿಯನ್ನು ತೂಗಿ ನೋಡುವ ಒಂದು ಅಭ್ಯಾಸ ಇಲ್ಲಿತ್ತೆಂದು ಒಪ್ಪಬೇಕಾಗುತ್ತದೆ.

1989ರಲ್ಲಿ ಕ್ಷೇತ್ರ ರಾಜ್ಯದ ಗಾಳಿಯೊಡನೆಯೇ ಹೋಗಿ ಕಾಂಗ್ರೆಸ್ಸಿನ ಆರ್. ಗುಂಡೂರಾಯರನ್ನು ಕಳುಹಿಸಿತು. 1991ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ವೆಂಕಟಗಿರಿಗೌಡರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಅಲ್ಲಿಂದ ಮುಂದೆ ಕಥೆ ಒಂದೇ ಸಾಲಿನದು. 1996ರಿಂದ 2014ರವರೆಗೆ ಆರು ಚುನಾವಣೆಗಳಲ್ಲಿ ಅನಂತಕುಮಾರರು. 2018ರಲ್ಲಿ ಅವರು ತೀರಿಕೊಂಡ ಮೇಲೆ 2019, 2024ರಲ್ಲಿ ತೇಜಸ್ವಿ ಸೂರ್ಯ. 1991ರಿಂದೀಚೆಗೆ ಬೆಂಗಳೂರು ದಕ್ಷಿಣದಲ್ಲಿ ಬೇರೆ ಪಕ್ಷದ ಬಾವುಟ ಏರಿಲ್ಲ. ಬಸವನಗುಡಿಯ ವಿಧಾನಸಭಾ ಕ್ಷೇತ್ರದಲ್ಲಿ 2008, 2013, 2018, 2023 ಈ ನಾಲ್ಕು ಸಲವೂ ಗೆದ್ದವರು ಅದೇ ಪಕ್ಷದ ರವಿ ಸುಬ್ರಹ್ಮಣ್ಯ. ವಿದ್ಯಾವಂತರು ವಿದ್ಯಾವಂತ ಉಮೇದುವಾರನ ಕಡೆಗೆ ವಾಲುತ್ತಾರೆಂಬ ಮಾತಿಗೂ 2014ರಲ್ಲಿ ಪರೀಕ್ಷೆ ನಡೆಯಿತು. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಂದನ್ ನಿಲೇಕಣಿಯವರು ಕಾಂಗ್ರೆಸ್ಸಿನಿಂದ ನಿಂತು ಎರಡು ಲಕ್ಷಕ್ಕೂ ಹೆಚ್ಚು ಓಟುಗಳಿಂದ ಸೋತರು. ಅವರಿಗೆ ಓಟು ಕೊಡಬೇಕಾಗಿತ್ತೆಂದು ನಾನು ಹೇಳುತ್ತಿಲ್ಲ. ಉಮೇದುವಾರ ಯಾರೆಂಬ ಪ್ರಶ್ನೆ ಆ ಹೊತ್ತಿಗೆ ಹಿಂದೆ ಬಿದ್ದು, ಪಕ್ಷ ಯಾವುದು, ದೇಶದ ನಾಯಕ ಯಾರು ಎಂಬ ಪ್ರಶ್ನೆಗಳೇ ಮುಂದೆ ಬಂದಿದ್ದವೆಂದು ಮಾತ್ರ ಹೇಳುತ್ತೇನೆ.

ಈ ಬದಲಾವಣೆ ಏಕೆ ಬಂತು? ತತ್ತ್ವದಿಂದ ಎನ್ನುವವರುಂಟು, ಜಾತಿಯಿಂದ ಎನ್ನುವವರುಂಟು. ಎರಡೂ ಅರ್ಧ ನಿಜ. ತುರ್ತುಪರಿಸ್ಥಿತಿಯ ನೆನಪು ಇಲ್ಲಿಯ ಓದುಬಲ್ಲ ಜನರಲ್ಲಿ ಬಹುಕಾಲ ಹಸಿಯಾಗಿತ್ತು. ರಾಷ್ಟ್ರೀಯ ಸ್ವಯಂಸೇವಕ ಸಂಘದ ‘ಕೇಶವಕೃಪಾ’ ಇರುವುದು ಶಂಕರಪುರದಲ್ಲಿ, ನಮ್ಮ ಬೀದಿಗಳ ನಡುವೆಯೇ; ಬೆಳಗಿನ ಶಾಖೆಯಲ್ಲಿ ಬೆಳೆದ ಹುಡುಗರು ಮುಂದೆ ಓಟುದಾರರೂ ಕಾರ್ಯಕರ್ತರೂ ಆದರು. ಜನತಾ ಪಕ್ಷ ಒಡೆದು ಚೂರಾದಾಗ ಅದರಲ್ಲಿ ನಂಬಿಕೆಯಿಟ್ಟವರಿಗೆ ಕಾಂಗ್ರೆಸ್ಸಿಗೆ ಎದುರಾಗಿ ಉಳಿದ ಗಟ್ಟಿಯಾದ ಮನೆ ಒಂದೇ ಆಯಿತು. ಇದಿಷ್ಟು ತತ್ತ್ವದ ಮತ್ತು ಸಂಘಟನೆಯ ಮಾತು. ಇದರೊಡನೆ ಹಿತಾಸಕ್ತಿಯ ಮಾತನ್ನೂ ಆಡಬೇಕು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಬಂದ ಭೂಸುಧಾರಣೆ ಉಳುವವನಿಗೆ ಹೊಲವನ್ನು ಕೊಟ್ಟಿತು. ಪಟ್ಟಣದಲ್ಲಿದ್ದುಕೊಂಡು ಹಳ್ಳಿಯಿಂದ ಗೇಣಿ ಬತ್ತ ತರಿಸಿಕೊಳ್ಳುತ್ತಿದ್ದ ಮನೆಗಳಿಗೆ ಆ ಬತ್ತ ನಿಂತಿತು. 1975ರ ಹಾವನೂರು ಆಯೋಗದ ವರದಿ ಹಿಂದುಳಿದ ವರ್ಗಗಳಿಗೆ ಸರ್ಕಾರದ ಬಾಗಿಲನ್ನು ಅಗಲಿಸಿತು. ತಾವೇ ಆ ಬಾಗಿಲಿನ ಒಳಗಿದ್ದವರಿಗೆ ಇಕ್ಕಟ್ಟಾಯಿತು. ಎರಡೂ ನ್ಯಾಯವಾದ ಕೆಲಸಗಳೆಂದೇ ನನ್ನ ಅಭಿಪ್ರಾಯ. ಆದರೆ ನ್ಯಾಯದಿಂದ ನಷ್ಟ ಹೊಂದಿದವನೂ ನಷ್ಟವನ್ನು ಮರೆಯುವುದಿಲ್ಲ. ಬಡಾವಣೆಯ ಓಟಿನಲ್ಲಿ ತುರ್ತುಪರಿಸ್ಥಿತಿಯ ಕೋಪವೂ ಗೇಣಿ ಬತ್ತದ ನೆನಪೂ ಒಂದೇ ಪಾತ್ರೆಯಲ್ಲಿ ಬೆಂದವು. ಇದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ತಮ್ಮ ಹಿತವನ್ನು ನೋಡಿಕೊಂಡು ಓಟು ಹಾಕದ ಸಮುದಾಯ ಭೂಮಿಯ ಮೇಲೆ ಎಲ್ಲಿದೆ? ನಮ್ಮದು ಮಾತ್ರ ತತ್ತ್ವ, ಪಕ್ಕದ ಬೀದಿಯವರದು ಜಾತಿ ಎನ್ನುವುದು ಸರಿಯಲ್ಲ, ಅಷ್ಟೆ.

ಪಕ್ಕದ ಬೀದಿಯ ಮಾತು ಬಂದುದರಿಂದ ಚಾಮರಾಜಪೇಟೆಯನ್ನು ನೋಡೋಣ. 2004ರಲ್ಲಿ ಅಲ್ಲಿ ಗೆದ್ದವರು ಅದುವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್.ಎಂ. ಕೃಷ್ಣ. ಅವರು ಮಹಾರಾಷ್ಟ್ರದ ರಾಜ್ಯಪಾಲರಾಗಿ ಹೋದ ಮೇಲೆ ನಡೆದ ಉಪಚುನಾವಣೆಯಲ್ಲಿ ಜನತಾದಳದ (ಜಾತ್ಯತೀತ) ಜಮೀರ್ ಅಹಮದ್ ಖಾನ್ ಗೆದ್ದರು. 2008, 2013ರಲ್ಲಿ ಅದೇ ಪಕ್ಷದಿಂದ, 2018, 2023ರಲ್ಲಿ ಕಾಂಗ್ರೆಸ್ಸಿನಿಂದ ಅವರೇ ಗೆದ್ದರು. ಬಸವನಗುಡಿಯಲ್ಲಿ ಪಕ್ಷ ಅಚಲ. ಚಾಮರಾಜಪೇಟೆಯಲ್ಲಿ ಪಕ್ಷ ಬದಲಾದರೂ ವ್ಯಕ್ತಿ ಅಚಲ. ಬಸವನಗುಡಿಯವರು ಚಾಮರಾಜಪೇಟೆಯ ಫಲಿತಾಂಶವನ್ನು ನೋಡಿ ‘ಅಲ್ಲಿ ಒಂದೇ ಕಡೆಗೆ ಓಟು’ ಎನ್ನುತ್ತಾರೆ. ಚಾಮರಾಜಪೇಟೆಯವರು ಬಸವನಗುಡಿಯನ್ನು ನೋಡಿ ಅದೇ ಮಾತನ್ನು ಹೇಳುತ್ತಾರೆ. ಇಬ್ಬರೂ ಹೇಳುವುದು ಸರಿಯೆ. ಕಷ್ಟವೆಂದರೆ, ಆ ಮಾತನ್ನು ಇಬ್ಬರೂ ಕಿಟಕಿಯ ಆಚೆ ನೋಡಿಕೊಂಡು ಹೇಳುತ್ತಾರೆ. ಕನ್ನಡಿಯ ಮುಂದೆ ನಿಂತು ಹೇಳುವುದಿಲ್ಲ.

ಮಲ್ಲೇಶ್ವರ ತೀರ ಈಚಿನವರೆಗೂ ಇಂಥ ಸ್ಥಿರತೆಗೆ ಒಗ್ಗಿರಲಿಲ್ಲ. 1994ರಲ್ಲಿ ಅದು ಜನತಾದಳದಿಂದ ನಿಂತ ನಟ ಅನಂತನಾಗ್ ಅವರನ್ನು ಗೆಲ್ಲಿಸಿತು. 1999ರಲ್ಲಿಯೂ 2004ರಲ್ಲಿಯೂ ಕಾಂಗ್ರೆಸ್ಸಿನ ಎಂ.ಆರ್. ಸೀತಾರಾಮ್ ಅವರನ್ನು ಆರಿಸಿತು. 2008ರಿಂದ 2023ರವರೆಗೆ ನಾಲ್ಕು ಸಲವೂ ಭಾರತೀಯ ಜನತಾ ಪಕ್ಷದ ಡಾ. ಸಿ.ಎನ್. ಅಶ್ವತ್ಥನಾರಾಯಣ. ಹತ್ತು ವರ್ಷಗಳಲ್ಲಿ ಎರಡು ಪಕ್ಷಗಳನ್ನು ಪರೀಕ್ಷಿಸಿದ ಸಂಪಿಗೆ ರಸ್ತೆ ಆಮೇಲಿನ ಹದಿನೈದು ವರ್ಷಗಳಲ್ಲಿ ಮೂರನೆಯದೊಂದರಲ್ಲಿಯೇ ನಿಂತಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕ್ಷೇತ್ರ ಬೇರೆ, ಬಡಾವಣೆ ಬೇರೆ. ಚಾಮರಾಜಪೇಟೆ ಎಂದೊಡನೆ ಸಾಹಿತ್ಯ ಪರಿಷತ್ತಿನ ಸುತ್ತಣ ಹಳೆಯ ಬೀದಿಗಳು ನಮ್ಮ ಕಣ್ಣಿಗೆ ಬರುತ್ತವೆ. ಆದರೆ ಚುನಾವಣಾ ಆಯೋಗದ ಚಾಮರಾಜಪೇಟೆಯೊಳಗೆ ಜಗಜೀವನರಾಮ ನಗರವಿದೆ, ಪಾದರಾಯನಪುರವಿದೆ. ವಿಶ್ವೇಶ್ವರಪುರ ಬಸವನಗುಡಿಯ ಮಗ್ಗುಲಲ್ಲಿದ್ದರೂ ಓಟಿನ ಲೆಕ್ಕಕ್ಕೆ ಚಿಕ್ಕಪೇಟೆಗೆ ಸೇರಿದೆ. 2008ರ ಕ್ಷೇತ್ರವಿಂಗಡಣೆಯ ಮೇಲೆ ನಮ್ಮ ಮೂರು ಬಡಾವಣೆಗಳು ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿವೆ: ಬಸವನಗುಡಿ ಬೆಂಗಳೂರು ದಕ್ಷಿಣಕ್ಕೆ, ಮಲ್ಲೇಶ್ವರ ಉತ್ತರಕ್ಕೆ, ಚಾಮರಾಜಪೇಟೆ ಕೇಂದ್ರಕ್ಕೆ. ಆದ್ದರಿಂದ ‘ಈ ಊರಿನ ಒಲವು ಇಂಥದು’ ಎಂದು ನಾವು ಹೇಳುವಾಗ ಅರ್ಧ ಹೇಳುತ್ತಿರುವುದು ಜನರ ಮನಸ್ಸನ್ನು. ಇನ್ನರ್ಧ ನಕ್ಷೆಯ ಮೇಲೆ ಗೆರೆ ಎಳೆದವನ ಪೆನ್ಸಿಲನ್ನು. ಗೆರೆ ಒಂದು ರಸ್ತೆ ಆಚೆಗೆ ಸರಿದಿದ್ದರೆ ಎಷ್ಟೋ ಮನೆಗಳ ಓಟು ಗೆದ್ದ ಕಡೆಯಿಂದ ಸೋತ ಕಡೆಗೆ ಹೋಗುತ್ತಿತ್ತು; ಆ ಮನೆಗಳಲ್ಲಿನ ಜನ ಮಾತ್ರ ಅವರೇ ಆಗಿರುತ್ತಿದ್ದರು.

ಈಗ ಇದಕ್ಕಿಂತ ಹೆಚ್ಚು ಚಿಂತೆಯ ವಿಷಯಕ್ಕೆ ಬರುತ್ತೇನೆ. ನಾನು ಇದುವರೆಗೆ ಹೇಳಿದ್ದು ಓಟು ಹಾಕಿದವರ ಕಥೆ. ಹಾಕದವರು ಅವರಷ್ಟೇ ಇದ್ದಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ನೂರಕ್ಕೆ ಸುಮಾರು 73 ಮಂದಿ ಮತಗಟ್ಟೆಗೆ ಹೋದರು. ಬೆಂಗಳೂರು ನಗರದಲ್ಲಿ 55ರ ಆಸುಪಾಸು. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಲೆಕ್ಕ ಸುಮಾರು 70. ಬೆಂಗಳೂರು ದಕ್ಷಿಣದ್ದು 53. ಚುನಾವಣೆ ಶುಕ್ರವಾರ ಬಂದರೆ ಮೂರು ದಿನದ ರಜೆಯೆಂದು ಜನ ಊರು ಬಿಡುತ್ತಾರೆ ಎನ್ನುವುದುಂಟು. 2024ರಲ್ಲಿ ಅದು ಶುಕ್ರವಾರವೇ ಬಂತು, ನಿಜ. ಆದರೆ 2023ರಲ್ಲಿ ಬುಧವಾರ ಇತ್ತು. ಆಗಲೂ ಬಾಗಿಲು ತೆರೆಯಲಿಲ್ಲ. ಪಟ್ಟಿಯಲ್ಲಿ ಸತ್ತವರ ಹೆಸರುಗಳಿವೆ, ವಿದೇಶಕ್ಕೆ ಹೋದ ಮಕ್ಕಳ ಹೆಸರುಗಳಿವೆ, ಮನೆ ಬದಲಾಯಿಸಿದವರ ಹೆಸರುಗಳಿವೆ ಎಂಬುದೂ ನಿಜ. ಅವನ್ನು ಕಳೆದರೂ ಉಳಿಯುವ ಲೆಕ್ಕ ನಮ್ಮ ಹೆಮ್ಮೆಗೆ ಒಪ್ಪುವಂಥದಲ್ಲ.

ದೇಶದ ಓಟುದಾರರೆಲ್ಲರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿ 1962ರಿಂದ ತಯಾರಾಗುತ್ತಿರುವುದು ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ. ಓಟಿನ ಯಂತ್ರಗಳನ್ನು ಮಾಡುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಅಸ್ಸಾಮಿನ ಕಾಡಿನಂಚಿನ ಹೆಂಗಸೊಬ್ಬಳು ನದಿ ದಾಟಿ ಬಂದು ನಮ್ಮ ನಾಡಿನ ಮಸಿ ಹಚ್ಚಿಸಿಕೊಂಡು ನಮ್ಮ ನಗರದ ಯಂತ್ರದ ಗುಂಡಿ ಒತ್ತುತ್ತಾಳೆ. ಆ ಯಂತ್ರ ಹುಟ್ಟುವ ನಗರದಲ್ಲಿ ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಕುಳಿತಿರುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಬೇರೆ ನಿದರ್ಶನ ಹುಡುಕಬೇಕಾಗಿಲ್ಲ.

ಏಕೆ ಹೋಗುವುದಿಲ್ಲ? ಪರಿಚಿತರಾದ ಹಿರಿಯರೊಬ್ಬರನ್ನು ಒಮ್ಮೆ ಕೇಳಿದೆ: “ಏನು ರಾಯರೇ, ಬೆರಳಿನಲ್ಲಿ ಮಸಿ ಕಾಣುವುದಿಲ್ಲವಲ್ಲ?” “ಹೇಗಿದ್ದರೂ ನಮ್ಮವರೇ ಗೆಲ್ಲುತ್ತಾರಲ್ಲ ಸ್ವಾಮಿ, ಈ ಬಿಸಿಲಿನಲ್ಲಿ ನಾನೇಕೆ ಹೋಗಲಿ?” ಎಂದರು. ಅದೇ ವಾರ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ಅವನ ಒಲವು ಎದುರು ಪಕ್ಷದ ಕಡೆಗೆ. “ನೀನಾದರೂ ಹೋಗಿದ್ದೆಯೇನಪ್ಪಾ?” ಎಂದೆ. “ಹೇಗಿದ್ದರೂ ನಮ್ಮವರು ಗೆಲ್ಲುವುದಿಲ್ಲವಲ್ಲ ಸಾರ್” ಎಂದ. ಗೆಲ್ಲುವವನೂ ಸೋಲುವವನೂ ‘ಹೇಗಿದ್ದರೂ’ ಎಂಬ ಒಂದೇ ಹಾಸಿಗೆಯ ಮೇಲೆ ಮಲಗಿದ್ದರು. ಓಟಿನ ಫಲ ಮುಂದಾಗಿ ಗೊತ್ತಿರುವ ಕಡೆ ಓಟಿಗೆ ಹೋಗುವ ಕಾಲು ನಿಲ್ಲುತ್ತದೆ. ನಮ್ಮ ಅಚಲ ನಿಷ್ಠೆಗೂ ನಮ್ಮ ಸೋಮಾರಿತನಕ್ಕೂ ಇರುವ ನಂಟು ಇದು.

ಫಲ ಗೊತ್ತಿದೆಯೆಂಬ ಈ ನಂಬಿಕೆ ಎಷ್ಟು ಅಪಾಯದ್ದೆಂಬುದನ್ನು ನಮ್ಮ ನೆರೆಯ ಜಯನಗರ ತೋರಿಸಿದೆ. 2008ರಲ್ಲಿಯೂ 2013ರಲ್ಲಿಯೂ ಅಲ್ಲಿ ಭಾರತೀಯ ಜನತಾ ಪಕ್ಷ ಗೆದ್ದಿತು. 2018ರಲ್ಲಿ ಕಾಂಗ್ರೆಸ್ಸು ಮೂರು ಸಾವಿರಕ್ಕೂ ಕಡಮೆ ಓಟುಗಳ ಅಂತರದಿಂದ ಗೆದ್ದಿತು. 2023ರಲ್ಲಿ ಮತ್ತೆ ಭಾರತೀಯ ಜನತಾ ಪಕ್ಷ ಗೆದ್ದುದು, ಮರುಎಣಿಕೆಯ ಕೊನೆಗೆ, ಕೇವಲ 16 ಓಟುಗಳಿಂದ. ಹದಿನಾರು ಎಂದರೆ ಎರಡು ಮೂರು ಕೂಡುಕುಟುಂಬಗಳು. ಒಂದು ಬಸ್ಸಿನ ಅರ್ಧದಷ್ಟೂ ಇಲ್ಲ. ಆ ದಿನ ‘ಹೇಗಿದ್ದರೂ’ ಎಂದು ಮನೆಯಲ್ಲಿ ಉಳಿದ ಜಯನಗರದ ಸಾವಿರಾರು ಮಂದಿ, ಯಾವ ಕಡೆಯವರೇ ಆಗಲಿ, ಆ ಅಂಕಿಯನ್ನು ಹೇಗೆ ಓದಿಕೊಂಡರೋ!

ಗೊತ್ತಿರುವ ಓಟಿನಿಂದ ಇನ್ನೊಂದು ನಷ್ಟವುಂಟು. ನಾವು ಅದನ್ನು ಮತದಾನ ಎನ್ನುತ್ತೇವೆ. ದಾನದಲ್ಲಿ ಪಾತ್ರಾಪಾತ್ರ ವಿವೇಚನೆ ಬೇಕೆಂದು ಹಿರಿಯರು ಹೇಳಿದರು. ವಿವೇಚನೆಯಿಲ್ಲದೆ ವರ್ಷವರ್ಷವೂ ಒಬ್ಬನಿಗೇ ಕೊಟ್ಟರೆ ಅದು ದಾನವಾಗಿ ಉಳಿಯುವುದಿಲ್ಲ. ಪಡೆಯುವವನು ಅದನ್ನು ತನ್ನ ಹಕ್ಕಿನ ಗೇಣಿಯೆಂದು ಎಣಿಸುತ್ತಾನೆ. ಇಂದಿನ ಪದ್ಧತಿಯಲ್ಲಿ ಯಂತ್ರದ ಎಣಿಕೆ ಮತಗಟ್ಟೆವಾರಾಗಿ ಪ್ರಕಟವಾಗುತ್ತದೆ. ಒಬ್ಬೊಬ್ಬನ ಓಟು ಗುಟ್ಟಾಗಿಯೇ ಇದೆ. ಬೀದಿಯ ಓಟು ಗುಟ್ಟಲ್ಲ. ಯಾವ ಬೀದಿ ತನ್ನದು, ಯಾವುದು ತನ್ನದಲ್ಲ ಎಂಬುದು ಪಕ್ಷಗಳಿಗೆ ಅಂಗೈ ನೆಲ್ಲಿಕಾಯಿ. ತನ್ನದಾದ ಬೀದಿಗೆ ಹೋಗಿ ಕೇಳುವ ಅಗತ್ಯ ಗೆಲ್ಲುವವನಿಗಿಲ್ಲ. ಹಿತ್ತಲ ಗಿಡ ಮದ್ದಲ್ಲ. ತನ್ನದಲ್ಲದ ಬೀದಿಗೆ ಹೋಗಿ ಪ್ರಯೋಜನವಿಲ್ಲವೆಂದು ಸೋಲುವವನು ಅತ್ತ ಸುಳಿಯುವುದಿಲ್ಲ. ಇಬ್ಬರೂ ಓಡುವುದು ಓಟು ಅಲುಗಾಡುವ ಕಡೆಗೆ. ಬಸವನಗುಡಿಯಾಗಲಿ ಚಾಮರಾಜಪೇಟೆಯಾಗಲಿ, ಚರಂಡಿಯ ಮಾತಿಗೆ, ಮರ ಕಡಿಯುವ ಮಾತಿಗೆ, ಫುಟ್‌ಪಾತಿನ ಮಾತಿಗೆ ಪ್ರತಿನಿಧಿಯ ಕಿವಿ ತಾನಾಗಿ ಇತ್ತ ತಿರುಗಲು ಕಾರಣವೇ ಉಳಿಯುವುದಿಲ್ಲ. ಆ ಪ್ರತಿನಿಧಿ ಸ್ವಭಾವತಃ ಒಳ್ಳೆಯವನಾಗಿದ್ದರೆ ಅದು ನಮ್ಮ ಪುಣ್ಯ; ನಮ್ಮ ಓಟಿನ ಬಲವಲ್ಲ.

ಇದಕ್ಕೆ ಬುದ್ಧಿವಂತರು ಒಂದು ಉತ್ತರ ಕೊಡುತ್ತಾರೆ, ಅದನ್ನು ತಳ್ಳಿಹಾಕಲಾಗದು. “ಪಾರ್ಲಿಮೆಂಟರಿ ಪದ್ಧತಿಯಲ್ಲಿ ಆಳುವುದು ಪಕ್ಷ, ವ್ಯಕ್ತಿಯಲ್ಲ. 1985ರ ಪಕ್ಷಾಂತರ ನಿಷೇಧದ ಕಾಯಿದೆಯಾದ ಮೇಲೆ ಸದಸ್ಯ ಸದನದಲ್ಲಿ ಪಕ್ಷದ ಆಜ್ಞೆಯಂತೆ ಕೈ ಎತ್ತಬೇಕು. ಹಾಗಿರುವಾಗ ವ್ಯಕ್ತಿಯನ್ನು ತೂಗುವುದರಿಂದ ಏನು ಫಲ? ನಮಗೆ ಒಪ್ಪಿಗೆಯಾದ ಪಕ್ಷಕ್ಕೆ ಸದಾ ಓಟು ಹಾಕುವುದೇ ವಿಚಾರವಂತಿಕೆ.” ಈ ವಾದದಲ್ಲಿ ಹುರುಳಿದೆ. ದೇಶದ ರಕ್ಷಣೆ, ಅರ್ಥನೀತಿ, ಧರ್ಮ–ರಾಜ್ಯಗಳ ಸಂಬಂಧ ಇಂಥ ಪ್ರಶ್ನೆಗಳಲ್ಲಿ ಒಬ್ಬನಿಗೆ ದೃಢವಾದ ಅಭಿಪ್ರಾಯವಿದ್ದು, ಒಂದು ಪಕ್ಷ ಅದಕ್ಕೆ ಸಮೀಪವಾಗಿದ್ದರೆ, ಅವನು ಲೋಕಸಭೆಗೆ ಪ್ರತಿಸಲವೂ ಅದಕ್ಕೇ ಓಟು ಹಾಕುವುದನ್ನು ದೋಷವೆನ್ನಲು ನಾನು ಸಿದ್ಧನಿಲ್ಲ. ಆದರೆ ಲೋಕಸಭೆಗೆ ಸಲ್ಲುವ ಕಾರಣ ವಿಧಾನಸಭೆಗೂ ಸಲ್ಲುತ್ತದೆಯೆ? ವಿಧಾನಸಭೆಗೆ ಸಲ್ಲುವುದು ನಗರಪಾಲಿಕೆಗೂ ಸಲ್ಲುತ್ತದೆಯೆ? ಕಸ ಎತ್ತುವುದಕ್ಕೆ ಬಲಪಂಥ ಎಡಪಂಥಗಳಿಲ್ಲ. 1984ರ ಡಿಸೆಂಬರಿನಲ್ಲಿ ಕೇಂದ್ರಕ್ಕೆ ಕಾಂಗ್ರೆಸ್ಸನ್ನೂ, ಮೂರೇ ತಿಂಗಳಿನ ಮೇಲೆ ರಾಜ್ಯಕ್ಕೆ 139 ಸ್ಥಾನಗಳೊಡನೆ ಜನತಾ ಪಕ್ಷವನ್ನೂ ಆರಿಸಿದ ಕನ್ನಡ ಹಳ್ಳಿಗರು ಈ ಭೇದವನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು.

ನಗರಪಾಲಿಕೆಯ ಮಾತು ಬಂದಾಗ ನಮ್ಮ ವಿಚಾರವಂತಿಕೆಯ ನಿಜವಾದ ಪರೀಕ್ಷೆ ಎದುರಾಗುತ್ತದೆ. ಸಂವಿಧಾನದ 74ನೆಯ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಪಟ್ಟಣದ ಸಭೆಗೆ ಐದು ವರ್ಷದ ಅವಧಿ, ಆ ಅವಧಿ ಮುಗಿಯುವುದಕ್ಕೆ ಮುಂಚೆಯೇ ಚುನಾವಣೆ ಎಂದು ಅದು ಸ್ಪಷ್ಟವಾಗಿ ವಿಧಿಸುತ್ತದೆ. ಆದರೂ 2006ರಲ್ಲಿ ಅವಧಿ ಮುಗಿದ ಸಭೆಗೆ ಬದಲು ಹೊಸದು ಆಯ್ಕೆಯಾದದ್ದು 2010ರಲ್ಲಿ. 2015ರಲ್ಲಿ ಆಯ್ಕೆಯಾದ 198 ಸದಸ್ಯರ ಸಭೆ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಐದು ಪಾಲಿಕೆಗಳಾಗಿ ಒಡೆಯುವವರೆಗೂ, ಇಡೀ ಐದು ವರ್ಷ, ನಗರಕ್ಕೆ ಚುನಾಯಿತ ಸಭೆಯೇ ಇರಲಿಲ್ಲ. ಈ ಕಾಲದಲ್ಲಿ ರಾಜ್ಯವನ್ನು ಎರಡು ದೊಡ್ಡ ಪಕ್ಷಗಳೂ ಆಳಿದವು. ಆದ್ದರಿಂದ ಒಂದನ್ನು ಬೈದು ಇನ್ನೊಂದನ್ನು ಬಿಡುವಂತಿಲ್ಲ. ಬಸವನಗುಡಿಯ ಶಾಸಕರಾಗಿದ್ದ ಹೆಗಡೆಯವರ ಸರ್ಕಾರ, ಅಬ್ದುಲ್ ನಜೀರ್ ಸಾಬರ ಶ್ರಮದಿಂದ, 1987ರಲ್ಲಿ ಹಳ್ಳಿಗಳಿಗೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆಯನ್ನು ತಂದಿತು. ಅದೇ ಬಸವನಗುಡಿ ಮುಂದೆ ವರ್ಷಗಟ್ಟಲೆ ತನ್ನ ವಾರ್ಡಿಗೊಬ್ಬ ಸದಸ್ಯನಿಲ್ಲದೆ ಇದ್ದಿತು. ಆಗ ನಮ್ಮ ಮೈದಾನಗಳಲ್ಲಿ ಎಷ್ಟು ಸಭೆಗಳು ಸೇರಿದವು? ನಮ್ಮ ಓಟನ್ನು ನಮಗೆ ಕೊಡಿರೆಂದು ಎಷ್ಟು ಬೀದಿಗಳು ಕೇಳಿದವು? ಕೆಲವು ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು; ಉಳಿದವರು ದಿಲ್ಲಿಯ ರಾಜಕೀಯವನ್ನು ಚರ್ಚಿಸುತ್ತಾ ಕಾಫಿ ಕುಡಿದರು. 2010ರಲ್ಲಿಯೂ 2015ರಲ್ಲಿಯೂ ಪಾಲಿಕೆಗೆ ಚುನಾವಣೆ ನಡೆದಾಗ ಮತಗಟ್ಟೆಗೆ ಬಂದವರು ನೂರಕ್ಕೆ ಐವತ್ತನ್ನೂ ಮುಟ್ಟಿರಲಿಲ್ಲ. ಬಳಸದ ವಸ್ತುವನ್ನು ಕಳೆದುಕೊಂಡದ್ದು ಮನೆಯವರಿಗೆ ತಿಳಿಯುವುದಿಲ್ಲ.

ನಾನು ಸೂಚಿಸುವ ಪರಿಹಾರಗಳು ದೊಡ್ಡವೇನಲ್ಲ. ಕಾಲೇಜುಗಳೂ ಸಾರ್ವಜನಿಕ ಸಂಸ್ಥೆಗಳೂ ಪ್ರತಿ ಚುನಾವಣೆಗೆ ಮುನ್ನ ಎಲ್ಲ ಪಕ್ಷಗಳ ಉಮೇದುವಾರರನ್ನು ಒಂದೇ ವೇದಿಕೆಗೆ ಕರೆಯಲಿ. ಭಾಷಣಕ್ಕಲ್ಲ, ಪ್ರಶ್ನೆಗಳಿಗೆ ಉತ್ತರ ಹೇಳುವುದಕ್ಕೆ. ಬಾರದವನ ಕುರ್ಚಿ ಖಾಲಿಯಾಗಿಯೇ ಇರಲಿ. ಅದೂ ಒಂದು ಉತ್ತರ. ಹದಿನೆಂಟು ತುಂಬಿದ ವಿದ್ಯಾರ್ಥಿಯ ಹೆಸರು ಪಟ್ಟಿಗೆ ಸೇರಿದೆಯೆ ಎಂದು ಉಪಾಧ್ಯಾಯರು ವಿಚಾರಿಸಲಿ. ಯಾರಿಗೆ ಓಟು ಎಂದು ಮಾತ್ರ ಕೇಳದಿರಲಿ. ಮನೆಯ ಯಜಮಾನ ‘ನಮ್ಮ ಮನೆಯ ನಾಲ್ಕು ಓಟು’ ಎನ್ನುವ ಮಾತನ್ನು ಬಿಡಲಿ. ಮನೆಗೆ ಓಟಿಲ್ಲ, ಮನುಷ್ಯರಿಗಿದೆ. ನಿಷ್ಠೆಯುಳ್ಳವನು ತನ್ನ ನಿಷ್ಠೆಯ ಪಕ್ಷವನ್ನೇ ಇತರರಿಗಿಂತ ಗಟ್ಟಿಯಾಗಿ ಪ್ರಶ್ನಿಸಲಿ. ಎದುರು ಪಕ್ಷದವನ ಪ್ರಶ್ನೆಯನ್ನು ನಾಯಕ ಕೊಡವಿಬಿಡುತ್ತಾನೆ. ತನ್ನವನ ಪ್ರಶ್ನೆಯನ್ನು ಹಾಗೆ ಕೊಡವಲಾರ.

ಬಸವನಗುಡಿಯವರು ಪಕ್ಷ ಬದಲಾಯಿಸಬೇಕು, ಚಾಮರಾಜಪೇಟೆಯವರು ವ್ಯಕ್ತಿಯನ್ನು ಬದಲಾಯಿಸಬೇಕು ಎಂಬುದು ನನ್ನ ವಾದವಲ್ಲ. ಹತ್ತು ಸಲ ಯೋಚಿಸಿ ಹತ್ತು ಸಲವೂ ಒಂದೇ ನಿರ್ಣಯಕ್ಕೆ ಬಂದವನ ಓಟು ಗೌರವಕ್ಕೆ ಅರ್ಹವಾದದ್ದು. ಆದರೆ ಹನ್ನೊಂದನೆಯ ಸಲವೂ ಅವನು ಯೋಚಿಸುತ್ತಾನೆಂಬ ಅಂಜಿಕೆ ಅದನ್ನು ಪಡೆಯುವವನಿಗೆ ಇರಬೇಕು. 1980ರಲ್ಲಿ 27 ಕ್ಷೇತ್ರಗಳ ಎದುರು ಒಂದಾಗಿ ನಿಂತವರ ಮಕ್ಕಳು ಮೊಮ್ಮಕ್ಕಳಲ್ಲಿ ಆ ಅಂಜಿಕೆಯನ್ನು ಹುಟ್ಟಿಸುವ ಶಕ್ತಿ ಇಲ್ಲವೆಂದು ನಾನು ನಂಬಲಾರೆ. ಬೀದಿಯ ತುದಿಯ ಶಾಲೆಯಲ್ಲಿ ಮತಗಟ್ಟೆ ತೆರೆದಿರುವ ದಿನ ಅಲ್ಲಿಯವರೆಗೆ ನಡೆದುಹೋಗುವುದರಿಂದ ಆ ಕೆಲಸ ಮೊದಲಾಗಬೇಕು.